ಕತ್ತೋಲಿಕದಿಂದ ಉರ್ಬಿನೊಗೆ, ಅಲ್ಲಿಂದ ವಾಪಸ್: ಇಟಲಿಯಲ್ಲಿ ಆರು ದಿನದ ಸೈಕಲ್ ಪ್ರವಾಸ ಹೇಗಿತ್ತು

ಪ್ರವಾಸದ ವಿವರ ಓದುವಾಗ ನಾನು ನೋಡಿದ್ದು ಕಿಲೋಮೀಟರ್ ಮಾತ್ರ. ಮೊದಲ ದಿನ 27, ಎರಡನೇ ದಿನ 40, ಮೂರನೇ ದಿನ 35. ಇಷ್ಟೇನಾ ಅನ್ನಿಸಿತು. ಮೈಸೂರಿನಿಂದ ಶ್ರೀರಂಗಪಟ್ಟಣಕ್ಕೆ ಹೋಗಿ ಬಂದರೆ ಹೆಚ್ಚು ಕಡಿಮೆ 35 ಆಗುತ್ತದೆ. ಅದನ್ನು ನಾವು ಭಾನುವಾರ ತಿಂಡಿಗೆ ಮುಂಚೆ ಮುಗಿಸುತ್ತೇವೆ. ಆದರೆ ಇಟಲಿಯ ಮಾರ್ಕೆ ಪ್ರದೇಶದ 35 ಬೇರೆಯದೇ. ಅಲ್ಲಿ ಊರು ಇರುವುದು ಗುಡ್ಡದ ತುದಿಯಲ್ಲಿ. ದಿನವೆಲ್ಲ ತುಳಿದು ಕಾಲು ಸೋತಮೇಲೆ, ರೂಮು ಸೇರುವ ಕೊನೆಯ ನಾಲ್ಕು ಕಿಲೋಮೀಟರ್ ಏರು ಇರುತ್ತದೆ. ಇದೊಂದನ್ನು ಹೋಗುವ ಮುಂಚೆ ಯಾರಾದರೂ ನನಗೆ ಹೇಳಬೇಕಿತ್ತು. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ನನಗೆ 53 ವರ್ಷ. ಮೈಸೂರಿನಲ್ಲಿ ಬ್ಯಾಂಕ್ ಕೆಲಸ. ಎಂಟು ವರ್ಷದಿಂದ ಸೈಕಲ್ ತುಳಿಯುತ್ತಿದ್ದೇನೆ. ವಾರಕ್ಕೊಮ್ಮೆ ಚಾಮುಂಡಿ ಬೆಟ್ಟ ಹತ್ತುತ್ತೇನೆ, ನಿಧಾನವಾಗಿ, ಆದರೆ ಇಳಿಯದೆ. ಮಗಳು ಬೊಲೋನ್ಯಾದಲ್ಲಿ ಓದುತ್ತಿದ್ದಾಳೆ. ಕಳೆದ ಸೆಪ್ಟೆಂಬರ್‌ನಲ್ಲಿ ಅವಳನ್ನು ನೋಡಲು ಹೋದಾಗ ಇಬ್ಬರೂ ಸೇರಿ ಈ ಪ್ರವಾಸ ಮಾಡಿದೆವು. ಅವಳಿಗೆ ಸೈಕಲ್ ಅಭ್ಯಾಸ ಕಡಿಮೆ. ಅವಳಿಗೆ ಇ-ಬೈಕ್, ಅಂದರೆ ತುಳಿಯುವಾಗ ಬ್ಯಾಟರಿ ಮೋಟಾರ್ ಸಹಾಯ ಮಾಡುವ ಸೈಕಲ್. ನನಗೆ ಸಾಮಾನ್ಯ ಸೈಕಲ್.

ಇಂಥ ಪ್ರವಾಸ ಏರ್ಪಡಿಸುವವರ ಸೇವೆ ಹೇಗಿರುತ್ತದೆ ಅಂತ ಮೊದಲು ಹೇಳುತ್ತೇನೆ. ಜೊತೆಯಲ್ಲಿ ಗೈಡ್ ಬರುವುದಿಲ್ಲ. ಸೈಕಲ್, ಫೋನಿನ ನಕ್ಷೆಯಲ್ಲಿ ದಾರಿ ತೋರಿಸುವ ಜಿಪಿಎಕ್ಸ್ ಫೈಲ್, ರಾತ್ರಿ ರೂಮು, ಬೆಳಗ್ಗೆ ತಿಂಡಿ ಅವರದು. ನಮ್ಮ ಬ್ಯಾಗನ್ನು ಒಂದು ಊರಿನಿಂದ ಇನ್ನೊಂದು ಊರಿಗೆ ವ್ಯಾನ್‌ನಲ್ಲಿ ಅವರೇ ಸಾಗಿಸುತ್ತಾರೆ. ತುಳಿಯುವುದು ನಾವು. ರಿಮಿನಿಯಿಂದ ಕತ್ತೋಲಿಕದವರೆಗಿನ ಕರಾವಳಿಯಲ್ಲಿ ಇಂಥ ಸೇವೆ ಕೊಡುವವರು ತುಂಬಾ ಜನ ಇದ್ದಾರೆ. ಸೈಕಲ್‌ನವರಿಗೇ ಅಂತ ನಡೆಯುವ ಹೋಟೆಲ್‌ಗಳೂ ಇವೆ. ನಾವು ತೆಗೆದುಕೊಂಡವರ ಹೆಸರು ಬರೆಯುವುದಿಲ್ಲ. ಎರಡು ಕಡೆ ತೊಂದರೆ ಆಯಿತು, ಅದನ್ನು ಮುಂದೆ ಹೇಳುತ್ತೇನೆ. ಆದರೆ ಅದು ಯಾರಲ್ಲಿ ಬೇಕಾದರೂ ಆಗಬಹುದಾದ ತೊಂದರೆ. ನೀವು ಯಾರನ್ನೇ ಹಿಡಿದರೂ ಕೇಳಬೇಕಾದ ಪ್ರಶ್ನೆಗಳು ಅವೇ.

ಬೊಲೋನ್ಯಾದಿಂದ ಕತ್ತೋಲಿಕಕ್ಕೆ ರೈಲು. ಸ್ವಂತ ಸೈಕಲ್ ಇದ್ದರೆ ಪ್ರಾದೇಶಿಕ ರೈಲುಗಳಲ್ಲಿ ಅದಕ್ಕೊಂದು ಬೇರೆ ಟಿಕೆಟ್ ತೆಗೆದುಕೊಂಡು ಹತ್ತಿಸಬಹುದು. ನಮಗೆ ಅದು ಬೇಕಾಗಲಿಲ್ಲ. ಸೈಕಲ್ ಕೊಡುವ ಅಂಗಡಿ ಸ್ಟೇಷನ್‌ನಿಂದ ನಡೆಯುವಷ್ಟು ಹತ್ತಿರ ಇತ್ತು.

ಅಂಗಡಿಯಲ್ಲಿ ನಮಗೆ ಮುಕ್ಕಾಲು ಗಂಟೆ ಕೊಟ್ಟರು. ಸೀಟಿನ ಎತ್ತರ, ಹ್ಯಾಂಡಲ್, ಪೆಡಲ್ ಎಲ್ಲ ನೋಡಿದರು. ಮೆಕ್ಯಾನಿಕ್ ಸುಮಾರು ಅರುವತ್ತರ ವಯಸ್ಸಿನವರು. ನಾನು ಸೈಕಲ್ ಮೇಲೆ ಕೂತಾಗ ನನ್ನ ಮಂಡಿ ನೋಡಿಯೇ ಸೀಟು ಒಂದು ಬೆರಳಿನಷ್ಟು ಏರಿಸಿದರು. ಆರು ದಿನ ಮಂಡಿ ನೋಯಲಿಲ್ಲ. ಆ ಒಂದು ಬೆರಳಿಗೆ ನಾನು ಇವತ್ತಿಗೂ ಋಣಿ.

ಇಲ್ಲಿ ಒಂದು ಮುಖ್ಯ ವಿಷಯ. ನನ್ನ ಮೈಸೂರಿನ ಸೈಕಲ್‌ನಲ್ಲಿ ಬಲಗೈ ಬ್ರೇಕ್ ಮುಂದಿನ ಚಕ್ರಕ್ಕೆ. ಅಲ್ಲಿ ಕೊಟ್ಟದ್ದರಲ್ಲಿ ಎಡಗೈ ಬ್ರೇಕ್ ಮುಂದಿನ ಚಕ್ರಕ್ಕೆ. ಡಿಸ್ಕ್ ಬ್ರೇಕ್ ಬೇರೆ, ಸ್ವಲ್ಪ ಒತ್ತಿದರೂ ಹಿಡಿಯುತ್ತದೆ. ಇಳಿಜಾರಿನಲ್ಲಿ ಗಾಬರಿಯಾದರೆ ಕೈ ಹಳೇ ಅಭ್ಯಾಸದಂತೆ ಹಿಡಿದುಬಿಡುತ್ತದೆ. ಅದರ ಮೇಲೆ ರಸ್ತೆಯ ಬಲಗಡೆ ಹೋಗಬೇಕು. ಹಾಗಾಗಿ ಅಂಗಡಿಯ ಹಿಂದಿನ ಕಾರು ನಿಲ್ಲಿಸುವ ಜಾಗದಲ್ಲಿ ಇಪ್ಪತ್ತು ನಿಮಿಷ ಸುಮ್ನೆ ಸುತ್ತು ಹೊಡೆದು, ನಿಲ್ಲಿಸಿ, ಮತ್ತೆ ಹೊರಟು ಅಭ್ಯಾಸ ಮಾಡಿದೆ. ನಮ್ಮ ಕಡೆಯಿಂದ ಹೋಗುವವರೆಲ್ಲ ಇದನ್ನು ಮಾಡಲೇಬೇಕು.

ಮೊದಲ ದಿನದ ದಾರಿಗೆ ನಾನು ಪೂರ್ತಿ ಅಂಕ ಕೊಡುತ್ತೇನೆ. ಕತ್ತೋಲಿಕ ದಾಟಿದರೆ ಗಬಿಚ್ಚೆ. ಅಲ್ಲಿಗೆ ಕತ್ತೋಲಿಕ ಇರುವ ರೊಮಾನ್ಯಾ ಪ್ರದೇಶದ ಸಪಾಟು ಮರಳ ತೀರ ಮುಗಿದು, ಸಾನ್ ಬಾರ್ತೊಲೊ ಬೆಟ್ಟ ನೇರ ಸಮುದ್ರದಿಂದಲೇ ಏಳುತ್ತದೆ. ಬೆಟ್ಟದ ನೆತ್ತಿಯ ಮೇಲೆ ಪೇಸರೊವರೆಗೆ ಒಂದು ರಸ್ತೆ ಇದೆ. ಆ ಬೆಟ್ಟ ಈಗ ಪ್ರಾದೇಶಿಕ ಉದ್ಯಾನ. ರಸ್ತೆ ಹೆಚ್ಚೆಂದರೆ ಸುಮಾರು 200 ಮೀಟರ್ ಎತ್ತರಕ್ಕೆ ಹೋಗುತ್ತದೆ. ಕೇಳಲು ಏನೂ ಅಲ್ಲ. ಆದರೆ ಹತ್ತಿ, ಇಳಿದು, ಮತ್ತೆ ಹತ್ತಿ ಇಳಿಯಬೇಕು. ದಿನದ ಕೊನೆಗೆ ನನ್ನ ಫೋನ್ ಒಟ್ಟು ಏರು ಸುಮಾರು 500 ಮೀಟರ್ ಅಂತ ತೋರಿಸಿತು.

ಒಂದು ಕಡೆ ಸಮುದ್ರ, ಇನ್ನೊಂದು ಕಡೆ ಗುಡ್ಡದ ಮೇಲೆ ಗುಡ್ಡ. ಸೆಪ್ಟೆಂಬರ್ ಆದ್ದರಿಂದ ಹೊಲಗಳನ್ನು ಉತ್ತುಬಿಟ್ಟಿದ್ದರು. ಕಡಿದಾದ ಇಳಿಜಾರಿನಲ್ಲೂ ದೊಡ್ಡ ದೊಡ್ಡ ಹೆಂಟೆ. ಟ್ರ್ಯಾಕ್ಟರ್ ಅಲ್ಲಿ ಹೇಗೆ ನಿಂತಿತು ಅಂತ ಇಬ್ಬರೂ ಮಾತಾಡಿಕೊಂಡೆವು. ಮಧ್ಯೆ ಆಲಿವ್ ತೋಪು, ದ್ರಾಕ್ಷಿ ಸಾಲು. ದಾರಿಯಲ್ಲಿ ಕಾಸ್ತೆಲ್ದಿಮೆಝೊ, ಫಿಯೊರೆಂಝುವೊಲಾ ದಿ ಫೊಕಾರಾ ಅಂತ ಎರಡು ಪುಟ್ಟ ಹಳ್ಳಿಗಳು. ಫಿಯೊರೆಂಝುವೊಲಾದಲ್ಲಿ ಹಳೇ ಕೋಟೆಗೋಡೆಯ ಬಾಗಿಲು ದಾಟಿ ಒಳಗೆ ಹೋದರೆ ಮನೆಗಳ ಕೊನೆಗೆ ನೆಲವೇ ಮುಗಿಯುತ್ತದೆ. ಕೆಳಗೆ ಏಡ್ರಿಯಾಟಿಕ್. ಗೋಡೆಗೆ ಸೈಕಲ್ ಒರಗಿಸಿ ಅರ್ಧ ಗಂಟೆ ಕೂತೆವು. ಮಗಳು ಡಬ್ಬಿ ತೆಗೆದಳು. ಬೆಳಗ್ಗೆಯೇ ಕಲೆಸಿ ತಂದಿದ್ದ ಗೊಜ್ಜವಲಕ್ಕಿ. ಅವಲಕ್ಕಿ ನಾನು ಮೈಸೂರಿನಿಂದ ತಂದದ್ದು.

ಒಂದು ಸಲಹೆ. ನಾವು ಗಬಿಚ್ಚೆಯಿಂದ ಪೇಸರೊ ಕಡೆಗೆ ಹೋದೆವು. ಆಗ ಸಮುದ್ರ ಎಡಕ್ಕೆ, ಅಂದರೆ ರಸ್ತೆಯ ಆಚೆ ಬದಿಗೆ. ಪ್ರತಿ ಸಲ ನೋಡಲು ನಿಂತಾಗಲೂ ರಸ್ತೆ ದಾಟಬೇಕಾಯಿತು. ಪೇಸರೊದಿಂದ ಗಬಿಚ್ಚೆಗೆ ಬಂದರೆ ಸಮುದ್ರ ನಿಮ್ಮ ಬದಿಗೇ ಇರುತ್ತದೆ. ಪ್ರವಾಸದವರು ಈ ದಿಕ್ಕು ಯಾಕೆ ಇಟ್ಟರೋ, ನನಗೆ ಒಪ್ಪಿಗೆಯಾಗಲಿಲ್ಲ. ಮತ್ತೆ, ಭಾನುವಾರ ಈ ರಸ್ತೆಗೆ ಹೋಗಬೇಡಿ. ತಿರುವುಗಳ ಆಸೆಗೆ ಮೋಟಾರ್‌ಬೈಕಿನವರೂ ಬರುತ್ತಾರೆ. ನಾವು ಹೋದದ್ದು ಮಂಗಳವಾರ, ದಾರಿಯಲ್ಲಿ ಸೈಕಲ್‌ನವರೇ ಜಾಸ್ತಿ. ಎದುರು ಬಂದವರೆಲ್ಲ "ಚಾವ್" ಅಂತ ಹೇಳಿ ಹೋದರು. ನನ್ನ ಸಲ್ವಾರ್ ನೋಡಿಯೂ ಯಾರೂ ತಿರುಗಿ ನೋಡಲಿಲ್ಲ. ಅದು ನನಗೆ ತುಂಬಾ ಹಿಡಿಸಿತು.

ಪೇಸರೊ ಸಂಗೀತಗಾರ ರೊಸ್ಸೀನಿ ಹುಟ್ಟಿದ ಊರು. 2024ರಲ್ಲಿ ಇಟಲಿಯ ಸಾಂಸ್ಕೃತಿಕ ರಾಜಧಾನಿ ಅನ್ನುವ ಗೌರವವೂ ಸಿಕ್ಕಿತ್ತು. ನನ್ನ ಮನಸ್ಸಿನಲ್ಲಿ ಉಳಿದದ್ದು ಮಾತ್ರ ಅಲ್ಲಿನ ಸೈಕಲ್ ದಾರಿಗಳು. ಊರಿಗೆಲ್ಲ ಸೈಕಲ್ ದಾರಿ ಹಾಸಿ, ಅದಕ್ಕೆ ಮೆಟ್ರೋ ಹಾಗೆ ಬಣ್ಣ, ನಂಬರು ಕೊಟ್ಟಿದ್ದಾರೆ. ಹೆಸರು ಬಿಚಿಪೊಲಿತಾನಾ. ನಕ್ಷೆ ನೋಡಿದರೆ ಮೆಟ್ರೋ ನಕ್ಷೆಯೇ. ಈ ಬಣ್ಣ ಹಿಡಿದರೆ ಸಮುದ್ರ, ಆ ಬಣ್ಣ ಹಿಡಿದರೆ ಸ್ಟೇಷನ್. ಶಾಲೆ ಮಕ್ಕಳು, ತರಕಾರಿ ಚೀಲ ನೇತುಹಾಕಿಕೊಂಡ ಅಜ್ಜಿಯರು ಎಲ್ಲರೂ ಅದರಲ್ಲೇ. ನಮ್ಮ ಮೈಸೂರೂ ಇದೇ ಅಳತೆಯ ರಸ್ತೆಗಳಿರುವ, ನೆರಳಿರುವ ಊರು. ನಮ್ಮಲ್ಲೂ ಆಗಬಹುದು ಅಂತ ಅವತ್ತು ರಾತ್ರಿ ಮಗಳ ಹತ್ತಿರ ತುಂಬಾ ಹೊತ್ತು ಹೇಳಿದೆ.

ಎರಡನೇ ದಿನ ಸುಲಭ. ಪೇಸರೊದಿಂದ ಫಾನೊವರೆಗೆ ಸಮುದ್ರದ ಪಕ್ಕದಲ್ಲೇ, ರೈಲು ಹಳಿಯ ಜೊತೆಗೆ ಸುಮಾರು 12 ಕಿ.ಮೀ. ಸೈಕಲ್ ದಾರಿ. ಪೂರ್ತಿ ಸಪಾಟು. ಫಾನೊದಲ್ಲಿ ಚಕ್ರವರ್ತಿ ಆಗಸ್ಟಸ್‌ನ ಕಾಲದ ಕಲ್ಲಿನ ಹೆಬ್ಬಾಗಿಲು ಇದೆ. ರೋಮ್‌ನಿಂದ ಹೊರಟ ಫ್ಲಮೀನಿಯಾ ರಸ್ತೆ ಸಮುದ್ರ ಮುಟ್ಟುವುದು ಈ ಊರಿನಲ್ಲಿ. ಆ ರಸ್ತೆ ಕ್ರಿಸ್ತಪೂರ್ವ 220ರದು. ಅಲ್ಲಿಂದ ಮೆತಾವ್ರೊ ನದಿಯ ಬಯಲಿನಲ್ಲಿ ಫೊಸೊಂಬ್ರೋನೆ ಊರಿನವರೆಗೆ ಆರಾಮ ದಾರಿ.

ಈ ಪ್ರದೇಶದ ಗುಟ್ಟು ನನಗೆ ಅರ್ಥವಾದದ್ದು ಇಲ್ಲಿ. ಅಪೆನೈನ್ ಬೆಟ್ಟಸಾಲಿನಿಂದ ಹೊರಟ ನದಿಗಳು ಒಂದರ ಪಕ್ಕ ಒಂದು, ಬಾಚಣಿಗೆಯ ಹಲ್ಲಿನ ಹಾಗೆ, ಸಮುದ್ರಕ್ಕೆ ಬರುತ್ತವೆ. ಎರಡು ನದಿಯ ಮಧ್ಯೆ ಒಂದು ಗುಡ್ಡದ ಸಾಲು. ನದಿಯ ಜೊತೆ ಹೋದರೆ ಸಪಾಟು. ಒಂದು ನದಿಯಿಂದ ಇನ್ನೊಂದು ನದಿಗೆ ಹೋಗಬೇಕೆಂದರೆ ಗುಡ್ಡ ಹತ್ತಿ ಇಳಿಯಬೇಕು. ನಮ್ಮ ಘಾಟಿ ಹಾಗಲ್ಲ. ಆಗುಂಬೆ ಒಂದು ಸಲ ಹತ್ತಿದರೆ ಮೇಲೆ ನಿರಾಳ. ಇಲ್ಲಿ ಹತ್ತಿದ್ದೆಲ್ಲ ಇಳಿಯುತ್ತದೆ, ಇಳಿದದ್ದೆಲ್ಲ ಮತ್ತೆ ಹತ್ತಬೇಕು. ನೀವೇ ದಾರಿ ಹಾಕಿಕೊಳ್ಳುವುದಾದರೆ ನಕ್ಷೆಯಲ್ಲಿ ಮೊದಲು ನದಿಗಳನ್ನು ನೋಡಿ, ದಿನಕ್ಕೆ ಎಷ್ಟು ಗುಡ್ಡದ ಸಾಲು ದಾಟುತ್ತೀರಿ ಅಂತ ಎಣಿಸಿ.

ಮೂರನೇ ದಿನಕ್ಕೋಸ್ಕರವೇ ಮತ್ತೊಮ್ಮೆ ಹೋಗಬೇಕು ಅಂತಿದ್ದೇನೆ. ಫೊಸೊಂಬ್ರೋನೆ ದಾಟಿ ಸ್ವಲ್ಪ ದೂರಕ್ಕೆ ಫುರ್ಲೊ ಕಣಿವೆ. ಎರಡೂ ಕಡೆ ಬಿಳಿ ಬಂಡೆ ಗೋಡೆಯಂತೆ ಎದ್ದಿದೆ. ನಡುವೆ ಕಂದಿಲ್ಯಾನೊ ನದಿ. ಅಣೆಕಟ್ಟೆ ಇರುವುದರಿಂದ ನೀರು ಹರಿಯದೆ ನಿಂತು ಪಾಚಿ ಹಸಿರು ಬಣ್ಣ. ವಾಹನಗಳಿಗೆಲ್ಲ ಬೇರೆ ಹೆದ್ದಾರಿ, ದೊಡ್ಡ ಸುರಂಗ ಇದೆ. ಹಾಗಾಗಿ ಕಣಿವೆಯ ಹಳೇ ರಸ್ತೆ ನಮಗೇ ಬಿಟ್ಟಂತಿತ್ತು. ಆ ರಸ್ತೆಯೇ ರೋಮನ್ನರ ಫ್ಲಮೀನಿಯಾ. ಒಂದು ಕಡೆ ಬಂಡೆ ನದಿಗೆ ಚಾಚಿಕೊಂಡು ದಾರಿಯೇ ಇಲ್ಲ. ಅಲ್ಲಿ ಕ್ರಿಸ್ತಶಕ 76ರಲ್ಲಿ, ವೆಸ್ಪೇಸಿಯನ್ ಚಕ್ರವರ್ತಿಯ ಕಾಲದಲ್ಲಿ, ಬಂಡೆ ಕೊರೆದು ಸುರಂಗ ಮಾಡಿದರು. ಸುಮಾರು 38 ಮೀಟರ್ ಉದ್ದ. ಸಿಡಿಮದ್ದು ಇಲ್ಲದ ಕಾಲ, ಬರೀ ಉಳಿ. ಒಳಗೆ ನಿಂತು ಗೋಡೆ ಮುಟ್ಟಿದರೆ ಉಳಿಯ ಗೀಟುಗಳು ಕೈಗೆ ಸಿಗುತ್ತವೆ. ನಾವು ಸೈಕಲ್ ಇಳಿದು ನಡೆದೇ ದಾಟಿದೆವು. ಹತ್ತೊಂಬತ್ತು ಶತಮಾನದಿಂದ ಜನ ಓಡಾಡಿದ ದಾರಿಯಲ್ಲಿ ತುಳಿದುಕೊಂಡು ಹೋಗಲು ನನಗೆ ಮನಸ್ಸು ಬರಲಿಲ್ಲ. ಒಂದು ಎಚ್ಚರಿಕೆ: ಕಲ್ಲು ಬೀಳುವ ಅಪಾಯ ಇದ್ದಾಗ ಈ ರಸ್ತೆಯನ್ನು ಮುಚ್ಚುತ್ತಾರೆ. ಹಿಂದಿನ ದಿನವೇ ರೂಮಿನವರ ಹತ್ತಿರ ಕೇಳಿಕೊಳ್ಳಿ.

ಫೆರ್ಮಿನ್ಯಾನೊದಲ್ಲಿ ನದಿಯ ಸೇತುವೆ ಪಕ್ಕದ ಹಳೇ ಗೋಪುರದ ಹತ್ತಿರ ಕೂತು ಬಾಳೆಹಣ್ಣು ತಿಂದೆವು. ಅಲ್ಲಿಂದ ಉರ್ಬಿನೊ ಎಂಟು ಕಿಲೋಮೀಟರ್ ಕೂಡ ಇಲ್ಲ. ಆದರೆ ಎತ್ತರದಲ್ಲಿ ಇನ್ನೂ ಸುಮಾರು 250 ಮೀಟರ್ ಮೇಲೆ. ಮಧ್ಯಾಹ್ನ ಮೂರೂವರೆ, ಬಿಸಿಲು. ಮಗಳು ಇ-ಬೈಕ್‌ನಲ್ಲಿ ಮುಂದೆ ಹೋಗಿ ತಿರುವಿನಲ್ಲಿ ಕಾಯುತ್ತಿದ್ದಳು.

"ಅಮ್ಮ, ಬ್ಯಾಟರಿ ಇನ್ನೂ ಅರ್ಧ ಇದೆ. ಸೈಕಲ್ ಬದಲಾಯಿಸಿಕೊಳ್ಳೋಣ, ನೀನು ಇದನ್ನು ತಗೋ."

"ಬೇಡ ಕಣೇ. ಬೆಟ್ಟ ಹತ್ತೋದು ನನಗೆ ಗೊತ್ತು. ನೀನು ನೀರು ಮಾತ್ರ ಇಟ್ಟಿರು."

ನನ್ನ ಸೈಕಲ್‌ನ ಕ್ಯಾಸೆಟ್‌ನಲ್ಲಿ, ಅಂದರೆ ಹಿಂದಿನ ಗೇರ್ ಚಕ್ರಗಳಲ್ಲಿ, ದೊಡ್ಡದು 34 ಹಲ್ಲಿನದು ಇತ್ತು. ಹಲ್ಲು ಹೆಚ್ಚಿದ್ದಷ್ಟೂ ಏರಿನಲ್ಲಿ ತುಳಿಯುವುದು ಹಗುರ. ಅದು ಇದ್ದದ್ದಕ್ಕೇ ಆಯಿತು. ಮೊದಲು ಅವರು ತೋರಿಸಿದ್ದ ಸೈಕಲ್‌ನಲ್ಲಿ 28 ಇತ್ತು, ನಾನು ಕೇಳಿ ಬದಲಾಯಿಸಿಕೊಂಡಿದ್ದೆ. ನೀವೂ ಬುಕ್ ಮಾಡುವಾಗಲೇ ಕೇಳಿ. ಅಂಗಡಿಯವರಿಗೆ ಆ ಗುಡ್ಡಗಳು ದಿನದ ಅಭ್ಯಾಸ, 28 ಸಾಕು ಅನ್ನುತ್ತಾರೆ. ನಮಗೆ ಸಾಲುವುದಿಲ್ಲ.

ಒಂದು ತಿರುವು ದಾಟಿದಾಗ ಮೇಲೆ ಅರಮನೆಯ ಎರಡು ಸಣ್ಣ ಗೋಪುರಗಳು ಕಂಡವು. ಸಣಕಲಾಗಿ, ತುದಿ ಚೂಪಾಗಿ, ಇಟ್ಟಿಗೆ ಬಣ್ಣದಲ್ಲಿ. ಅಲ್ಲಿಂದ ಮುಂದೆ ಕಾಲಿನ ಲೆಕ್ಕ ಮರೆತೆ. ಊರಿನ ಬಾಗಿಲು ಸೇರಿದಾಗ ಐದು ಗಂಟೆ ಹತ್ತು ನಿಮಿಷ. ಬಾಗಿಲ ಒಳಗೂ ಏರೇ. ಅದನ್ನು ಇಬ್ಬರೂ ತಳ್ಳಿಕೊಂಡೇ ಹೋದೆವು.

ಮೊದಲ ತೊಂದರೆ ಆದದ್ದು ಅಲ್ಲೇ. ನಮ್ಮ ಬ್ಯಾಗ್ ಬಂದಿರಲಿಲ್ಲ. ಹಳೇ ಊರಿನ ಒಳಗೆ ಹೊರಗಿನ ವಾಹನ ಬಿಡುವುದಿಲ್ಲ. ವ್ಯಾನಿನವರು ಬ್ಯಾಗನ್ನು ಕೋಟೆಯ ಹೊರಗೆ ಇನ್ಯಾವುದೋ ಹೋಟೆಲ್‌ನಲ್ಲಿ ಇಟ್ಟು ಹೋಗಿದ್ದರು, ನಮಗೆ ತಿಳಿಸಿರಲಿಲ್ಲ. ಬೆವರಿದ ಬಟ್ಟೆಯಲ್ಲೇ ಎರಡು ಗಂಟೆ ಕಾದೆವು. ಮಗಳು ಇಟಾಲಿಯನ್‌ನಲ್ಲಿ ನಾಲ್ಕು ಸಲ ಫೋನ್ ಮಾಡಿದಮೇಲೆ ಬ್ಯಾಗ್ ಬಂತು. ಭಾಷೆ ಗೊತ್ತಿಲ್ಲದವರು ಏನು ಮಾಡಬೇಕು? ಗುಡ್ಡದ ಮೇಲಿನ ಊರುಗಳಲ್ಲಿ ಬ್ಯಾಗ್ ಎಲ್ಲಿ ಇಡುತ್ತೀರಿ ಅಂತ ಮೊದಲೇ ಬರೆಸಿಕೊಳ್ಳಿ. ಒಂದು ಜೊತೆ ಬಟ್ಟೆ ಮತ್ತು ಔಷಧಿ ಸೈಕಲ್ ಮೇಲೇ ಇರಲಿ.

ನಾಲ್ಕನೇ ದಿನ ಉರ್ಬಿನೊದಲ್ಲೇ ವಿಶ್ರಾಂತಿ. ಈ ದಿನವನ್ನು ಉಳಿಸಲು ಹೋಗಬೇಡಿ. ಚಿತ್ರಕಾರ ರಫಾಯೆಲ್ 1483ರಲ್ಲಿ ಹುಟ್ಟಿದ ಊರು ಇದು. ಹಳೇ ಊರು 1998ರಿಂದ ಯುನೆಸ್ಕೊ ಪಟ್ಟಿಯಲ್ಲಿದೆ. ಅರಮನೆಯಲ್ಲಿ ದೊರೆ ಫೆದೆರಿಕೊ ಓದಿಗೆ ಅಂತ ಮಾಡಿಸಿಕೊಂಡ ಒಂದು ಪುಟ್ಟ ಕೋಣೆ ಇದೆ. ಗೋಡೆಗೆಲ್ಲ ಮರದ ಕುಸುರಿ. ಅರ್ಧ ತೆರೆದ ಕಪಾಟು, ಒಳಗೆ ಪುಸ್ತಕ, ವಾದ್ಯ, ಒಂದು ಅಳಿಲು. ಎಲ್ಲ ಚಪ್ಪಟೆ ಗೋಡೆಯೇ, ಬೇರೆ ಬೇರೆ ಬಣ್ಣದ ಮರದ ಚೂರು ಕೂರಿಸಿ ಆಳ ಇರುವಂತೆ ಕಾಣಿಸಿದ್ದಾರೆ. ನಮ್ಮ ಮೈಸೂರಿನ ಬೀಟೆ ಮರದ ಇನ್‌ಲೇ ಕೆಲಸ ನೋಡಿ ಬೆಳೆದವಳು ನಾನು. ಆದರೂ ಅಲ್ಲಿಂದ ಕಾಲು ಕೀಳಲು ಆಗಲಿಲ್ಲ. ನಮ್ಮವರು ಯಾರಾದರೂ ಇನ್‌ಲೇ ಕೆಲಸಗಾರರು ಈ ಕೋಣೆ ನೋಡಬೇಕು ಅಂತ ಆಸೆ.

ಊಟದ ವಿಷಯ ಸಸ್ಯಾಹಾರಿಗಳಿಗೆ ಹೇಳಲೇಬೇಕು. ಕರಾವಳಿಯಲ್ಲಿ ಎಲ್ಲಿ ನೋಡಿದರೂ ಪಿಯದೀನಾ ಸಿಗುತ್ತದೆ. ನೋಡಲು ನಮ್ಮ ದಪ್ಪ ಚಪಾತಿ. ಒಳಗೆ ಮೆತ್ತನೆ ಹುಳಿ ಚೀಸ್, ಸೊಪ್ಪು ಹಾಕಿ ಮಡಿಸಿ ಕೊಡುತ್ತಾರೆ. ಆದರೆ ಹಿಟ್ಟಿಗೇ ಹಂದಿ ಕೊಬ್ಬು ಸೇರಿಸುವುದು ಅಲ್ಲಿನ ಪದ್ಧತಿ. ಅದರ ಹೆಸರು ಸ್ತ್ರುತ್ತೊ. "ಸೆಂಝಾ ಸ್ತ್ರುತ್ತೊ" ಅಂತ ಕೇಳಿ, ಅಂದರೆ ಅದಿಲ್ಲದ್ದು. ಆಲಿವ್ ಎಣ್ಣೆಯಲ್ಲಿ ಮಾಡಿದ್ದು ಹಲವು ಅಂಗಡಿಗಳಲ್ಲಿ ಇರುತ್ತದೆ. ಉರ್ಬಿನೊದ ಕ್ರೆಶಾ ನಮ್ಮ ಪರೋಟದ ಹಾಗೆ ಪದರ ಪದರ. ಅದರಲ್ಲೂ ಕೊಬ್ಬು, ಮೊಟ್ಟೆ ಇರುತ್ತದೆ. ನಾನು ತಿನ್ನಲಿಲ್ಲ. ಟೊಮೆಟೊ ಪಾಸ್ತಾ, ಅಣಬೆ ಪಾಸ್ತಾ, ಸುಟ್ಟ ಬದನೆಕಾಯಿ ಎಲ್ಲ ಕಡೆ ಚೆನ್ನಾಗಿತ್ತು. ಹಳ್ಳಿಗಳಲ್ಲಿ ಮಧ್ಯಾಹ್ನ ಒಂದು ಗಂಟೆಯಿಂದ ನಾಲ್ಕರವರೆಗೆ ದಿನಸಿ ಅಂಗಡಿ ಮುಚ್ಚಿರುತ್ತದೆ. ಬೆಳಗ್ಗೆಯೇ ಬ್ರೆಡ್ಡು, ಹಣ್ಣು ಕೊಂಡುಕೊಳ್ಳಿ. ನೀರಿಗೆ ಚಿಂತೆ ಇಲ್ಲ, ಊರೂರಿಗೂ ನಲ್ಲಿ ಇದೆ. "ನೊನ್ ಪೊತಾಬಿಲೆ" ಅಂತ ಬರೆದಿದ್ದರೆ ಮಾತ್ರ ಕುಡಿಯಬೇಡಿ.

ಐದನೇ ದಿನ ಎರಡನೇ ತೊಂದರೆ. ಉರ್ಬಿನೊದಿಂದ ಫೋಲ್ಯಾ ನದಿಯ ಬಯಲಿಗೆ ಇಳಿಯುವಾಗ ಫೋನು ನಮ್ಮನ್ನು ಡಾಂಬರು ಬಿಡಿಸಿ ಜಲ್ಲಿ ದಾರಿಗೆ ಕರೆದುಕೊಂಡು ಹೋಯಿತು. ಅಲ್ಲಿ ಇಂಥ ದಾರಿಗೆ ಬಿಳಿ ರಸ್ತೆ ಅನ್ನುತ್ತಾರೆ. ಹೆಸರಿಗೆ ತಕ್ಕಂತೆ ಬಿಳಿ ಧೂಳು. ನನ್ನ ಟೈರು 32 ಮಿ.ಮೀ. ಅಗಲದ್ದು. ಇಳಿಜಾರು ಕಡಿದು, ಕಲ್ಲು ಸಡಿಲ. ಹಿಂದಿನ ಚಕ್ರ ಎರಡು ಸಲ ಜಾರಿತು. ಮಗಳ ಇ-ಬೈಕ್ ತುಂಬಾ ಭಾರ, ಅದನ್ನು ತಡೆದು ಇಳಿಸುವುದೇ ಅವಳಿಗೆ ಕಷ್ಟವಾಯಿತು. ಅವಳಿಗೆ ಏನಾದರೂ ಆದರೆ ಅಂತ ನನಗೆ ನಿಜಕ್ಕೂ ಭಯವಾಯಿತು. ಇಬ್ಬರೂ ಇಳಿದು ಒಂದೂವರೆ ಕಿಲೋಮೀಟರ್ ನಡೆದೆವು. ವಿವರದಲ್ಲಿ ಪೂರ್ತಿ ಡಾಂಬರು ಅಂತ ಬರೆದಿತ್ತು. ಸಂಜೆ ಅವರಿಗೆ ಬರೆದಾಗ ಫೈಲ್ ಹಳೆಯದು ಅಂತ ಒಪ್ಪಿಕೊಂಡರು, ಕ್ಷಮೆಯನ್ನೂ ಕೇಳಿದರು. ಒಪ್ಪಿಕೊಂಡದ್ದು ಸರಿ. ಆದರೆ ಕಾಸು ತೆಗೆದುಕೊಂಡು ಕೊಡುವ ದಾರಿಯನ್ನು ಪ್ರತಿ ವರ್ಷ ಯಾರಾದರೂ ತುಳಿದು ನೋಡಬೇಕು, ಅಲ್ವಾ?

ಬಯಲು ದಾಟಿ ಮತ್ತೆ ಏರು, ತವುಲ್ಲಿಯಾ. ಮೋಟಾರ್‌ಬೈಕ್ ಓಟಗಾರ ವಾಲೆಂತೀನೊ ರೊಸ್ಸಿ ಬೆಳೆದ ಊರು. ಎಲ್ಲ ಕಡೆ ಹಳದಿ ಬಣ್ಣ, 46 ನಂಬರು. ಮಗಳು ತಮ್ಮನಿಗೆ ಕಳಿಸಲು ಹತ್ತು ಫೋಟೊ ತೆಗೆದಳು. ದ್ರಾಕ್ಷಿ ಕೊಯ್ಲಿನ ಸಮಯ. ಟ್ರ್ಯಾಕ್ಟರ್ ಹಿಂದೆ ತುಳಿಯುತ್ತಿದ್ದರೆ ಹುಳಿ ಸಿಹಿ ವಾಸನೆ. ಸಂಜೆಗೆ ಗ್ರಾದಾರಾ, ಗುಡ್ಡದ ಮೇಲಿನ ಕೋಟೆ ಊರು. ರೂಮಿನ ಕಿಟಕಿಯಿಂದ ಸಮುದ್ರ ಕಾಣುತ್ತಿತ್ತು.

ಖರ್ಚು ಹೇಳುತ್ತೇನೆ. ನನ್ನ ಸೈಕಲ್‌ಗೆ ದಿನಕ್ಕೆ 30 ಯೂರೋ, ಇ-ಬೈಕ್‌ಗೆ 45. ರೂಮು, ಬ್ಯಾಗ್ ಸಾಗಣೆ ಬೇರೆ. ರೂಮಿನಲ್ಲಿ ತಲೆಗಿಷ್ಟು ಅಂತ ಊರಿನ ತೆರಿಗೆ ಕೂಡ ಕೇಳುತ್ತಾರೆ. ಇ-ಬೈಕ್‌ನ ಮೋಟಾರ್ ಗಂಟೆಗೆ 25 ಕಿ.ಮೀ.ವರೆಗೆ ಮಾತ್ರ ಸಹಾಯ ಮಾಡುತ್ತದೆ, ಅದು ಯುರೋಪಿನ ನಿಯಮ. ಏರಿನಲ್ಲಿ ಅಷ್ಟು ಸಾಕು. ಅಭ್ಯಾಸ ಇಲ್ಲದವರು ಸಂಕೋಚ ಪಡದೆ ಅದನ್ನೇ ತೆಗೆದುಕೊಳ್ಳಿ. ಊರ ಹೊರಗೆ ಕತ್ತಲಾದಮೇಲೆ ಮತ್ತು ಸುರಂಗದೊಳಗೆ ಹೊಳೆಯುವ ಜಾಕೆಟ್ ಹಾಕಲೇಬೇಕು. ಹೆಲ್ಮೆಟ್ ಕಡ್ಡಾಯ ಅಲ್ಲ, ಆದರೂ ಹಾಕಿಕೊಳ್ಳಿ.

ಅಂಕ ಕೊಡುವುದಾದರೆ ದಾರಿಗೆ ಐದಕ್ಕೆ ಐದು. ಸೈಕಲ್‌ಗೆ ಐದಕ್ಕೆ ಐದು. ಬ್ಯಾಗ್ ಸಾಗಣೆ ಮತ್ತು ಫೋನಿಗೆ ಕೊಟ್ಟ ದಾರಿಯ ಫೈಲ್‌ಗೆ ಎರಡು.

ಆರನೇ ದಿನ ಬೆಳಗ್ಗೆ ಗ್ರಾದಾರಾದಿಂದ ಕತ್ತೋಲಿಕಕ್ಕೆ ಹೆಚ್ಚಿನಂಶ ಇಳಿಜಾರೇ. ಅಂಗಡಿಗೆ ಹೋದಾಗ ಅದೇ ಮೆಕ್ಯಾನಿಕ್ ಇದ್ದರು. ಸೈಕಲ್ ಎತ್ತಿ ಚಕ್ರ ತಿರುಗಿಸಿದರು. ಬ್ರೇಕ್ ನೋಡಿದರು. ಫ್ರೇಮ್ ಮೇಲಿನ ಬಿಳಿ ಧೂಳನ್ನು ಬೆರಳಿನಿಂದ ಸವರಿ, ಮಗಳ ಕಡೆ ತಿರುಗಿ, ಆ ದಾರಿಯಲ್ಲಿ ಯಾಕೆ ಹೋದಿರಿ ಅಂತ ಕೇಳಿದರು. ಅವಳು ಫೋನು ತೆಗೆದು ಜಾಗ ತೋರಿಸಿದಳು. ಅವರು ಗೋಡೆಯ ನಕ್ಷೆಯ ಹತ್ತಿರ ಹೋಗಿ, ಪೆನ್ಸಿಲ್‌ನಿಂದ ಆ ಜಾಗಕ್ಕೆ ಒಂದು ಗುರುತು ಹಾಕಿದರು.